ರೋಗಿಗೆ ತಿಳಿಯದ ಲೆಕ್ಕ: ದೀರ್ಘಕಾಲೀನ ಕಾಯಿಲೆಗಳು ಮತ್ತು ವೈದ್ಯ-ರೋಗಿ ಸಂವಾದ

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬುದು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿರುವ ಗಾದೆ. ಮಧುಮೇಹ, ರಕ್ತದೊತ್ತಡ, ಹೃದಯ ಹಾಗೂ ಮೂತ್ರಪಿಂಡಗಳ ಕಾಯಿಲೆಗಳು ಮನೆಮನೆಯಲ್ಲಿ ಕಾಣಿಸಿಕೊಂಡಿರುವ ಈ ಕಾಲದಲ್ಲಿ ಗಾದೆಯ ಎರಡು ಭಾಗಗಳನ್ನೂ ಒಟ್ಟಿಗೆ ಓದಿಕೊಳ್ಳಬೇಕಾಗಿದೆ. ಊಟದ ಪಥ್ಯವನ್ನೂ ಔಷಧದ ಕ್ರಮವನ್ನೂ ರೋಗಿಗೆ ತಿಳಿಯುವಂತೆ ಹೇಳುವವರಿಲ್ಲದಿದ್ದರೆ ಆರೋಗ್ಯ ಕೆಡುವುದರ ಜೊತೆಗೆ ಹಣ, ಸಮಯ, ವ್ಯವಹಾರ ಎಲ್ಲವೂ ಸೋರಿಹೋಗುತ್ತವೆ.

ಈ ಪುಟಗಳಲ್ಲಿ ತೆರಿಗೆ, ಲೆಕ್ಕಪತ್ರ, ಬ್ಯಾಂಕ್ ಸಾಲಗಳ ಕುರಿತು ಬರೆಯುತ್ತ ಬಂದಿರುವ ನಾನು ವೈದ್ಯನಲ್ಲ. ಆದ್ದರಿಂದ ಯಾವ ಕಾಯಿಲೆಗೆ ಯಾವ ಔಷಧ ಎಂಬ ವಿಷಯಕ್ಕೆ ಕೈಹಾಕುವುದಿಲ್ಲ. ಅಂಕಿ-ಅಂಶಗಳನ್ನು ಓದುವುದು, ಓದಿದ್ದನ್ನು ಸಂಬಂಧಪಟ್ಟವರಿಗೆ ಅರ್ಥವಾಗುವಂತೆ ತಿಳಿಸುವುದು ನನ್ನ ವೃತ್ತಿ. ಆ ವೃತ್ತಿಯ ಕಣ್ಣಿಗೆ ಬಿದ್ದ ಕೊರತೆಯೊಂದನ್ನು ಸದಸ್ಯ ಬಾಂಧವರ ಮುಂದಿಡುವುದಷ್ಟೇ ಈ ಲೇಖನದ ಉದ್ದೇಶ.

ಒಂದು ಕಡತದ ಕಥೆ

ನನ್ನ ಕಕ್ಷಿದಾರರೊಬ್ಬರು ಒಣಮೆಣಸಿನಕಾಯಿ ದಲಾಲಿ ವ್ಯಾಪಾರಸ್ಥರು. ಇಪ್ಪತ್ತೈದು ವರ್ಷಗಳಿಂದ ಅವರ ಲೆಕ್ಕಪತ್ರಗಳನ್ನು ನಾನೇ ನೋಡುತ್ತಿದ್ದೇನೆ. ಉದ್ರಿ ಯಾರಿಗೆ ಎಷ್ಟು, ಎಷ್ಟು ದಿನಗಳಿಂದ ಬಾಕಿ ಎಂಬುದನ್ನು ಪುಸ್ತಕ ನೋಡದೆಯೇ ಹೇಳಬಲ್ಲ ಚಾಣಾಕ್ಷರು. ಅವರಿಗೆ ರಕ್ತದೊತ್ತಡ ಹನ್ನೆರಡು ವರ್ಷಗಳಿಂದಲೂ ಮಧುಮೇಹ ಒಂಬತ್ತು ವರ್ಷಗಳಿಂದಲೂ ಇತ್ತು. ಮೂರು ತಿಂಗಳಿಗೊಮ್ಮೆ ತಪ್ಪದೆ ಆಸ್ಪತ್ರೆಗೆ ಹೋಗುತ್ತಿದ್ದರು, ಹೇಳಿದ ತಪಾಸಣೆಗಳನ್ನೆಲ್ಲ ಮಾಡಿಸುತ್ತಿದ್ದರು, ಬಿಲ್ಲುಗಳನ್ನು ಪಾವತಿಸುತ್ತಿದ್ದರು. ಒಂದು ದಿನ ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರಿದರು. ಎರಡೂ ಮೂತ್ರಪಿಂಡಗಳು ಬಹುಪಾಲು ಕೆಲಸ ನಿಲ್ಲಿಸಿವೆಯೆಂದು ಆಗ ಗೊತ್ತಾಯಿತು. ಅಂದಿನಿಂದ ವಾರಕ್ಕೆ ಮೂರು ಬಾರಿ, ಪ್ರತಿ ಬಾರಿ ನಾಲ್ಕು ಗಂಟೆಗಳ ಕಾಲ ಡಯಾಲಿಸಿಸ್ ನಡೆಯುತ್ತಿದೆ. ಅದಕ್ಕಾಗಿ ಪೇಟೆಯ ಹರಾಜಿನ ದಿನಗಳನ್ನು ಬಿಡಬೇಕಾಯಿತು. ಪಾಲುದಾರಿಕೆ ಪತ್ರವನ್ನು ಹೊಸದಾಗಿ ಬರೆಯಬೇಕಾಯಿತು. ಬ್ಯಾಂಕಿನ ಸಾಲದ ಮಿತಿ ನವೀಕರಣದ ವೇಳೆ ವ್ಯವಸ್ಥಾಪಕರು ಕೇಳಿದ ಮೊದಲ ಪ್ರಶ್ನೆಯೇ "ಇನ್ನು ವ್ಯವಹಾರ ನೋಡುವವರು ಯಾರು?" ಎಂಬುದಾಗಿತ್ತು.

ವಿಮಾ ಪರಿಹಾರದ ಅರ್ಜಿ ತುಂಬುವ ಸಲುವಾಗಿ ಅವರ ಮಗ ಆಸ್ಪತ್ರೆಯ ಕಡತವನ್ನು ನನ್ನ ಕಚೇರಿಗೆ ತಂದುಕೊಟ್ಟರು. ಅಭ್ಯಾಸಬಲದಿಂದ ವರದಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿದೆ. ಕ್ರಿಯಾಟಿನಿನ್ ಎಂಬ ಅಂಶ ಮೊದಲ ವರ್ಷ 1.3 ಇತ್ತು, ಎರಡನೆಯ ವರ್ಷ 1.8, ಮೂರನೆಯ ವರ್ಷ 2.6. ಪ್ರತಿ ವರದಿಯಲ್ಲಿಯೂ ಆ ಸಂಖ್ಯೆ ದಪ್ಪ ಅಕ್ಷರಗಳಲ್ಲಿ ಮುದ್ರಿತವಾಗಿತ್ತು. ಅದೇ ಕಡತದಲ್ಲಿ ಮತ್ತೊಂದು ಆಸ್ಪತ್ರೆಯ ಮೂಳೆ ತಜ್ಞರು ಮಂಡಿನೋವಿಗಾಗಿ ಹತ್ತು ದಿನಗಳಿಗೆ ಬರೆದುಕೊಟ್ಟ ನೋವು ನಿವಾರಕ ಗುಳಿಗೆಯ ಚೀಟಿಯಿತ್ತು. ಅವರು ಆ ಗುಳಿಗೆಯನ್ನು ಔಷಧ ಅಂಗಡಿಯಿಂದ ನೇರವಾಗಿ ಕೊಂಡು ಒಂದೂವರೆ ವರ್ಷ ನುಂಗಿದ್ದರು. ಮೂತ್ರಪಿಂಡ ದುರ್ಬಲವಾದವರು ಇಂತಹ ನೋವು ನಿವಾರಕಗಳಿಂದ ದೂರವಿರಬೇಕೆಂಬುದು ವೈದ್ಯಶಾಸ್ತ್ರದ ಪ್ರಾಥಮಿಕ ಪಾಠವಂತೆ. ಇದನ್ನು ಅವರಿಗೆ ಯಾರೂ ಹೇಳಿರಲಿಲ್ಲ, ಬೇರೆ ಏನನ್ನಾದರೂ ನುಂಗುತ್ತೀರಾ ಎಂದು ಯಾರೂ ಕೇಳಿರಲಿಲ್ಲ, ಅವರಾಗಿ ಹೇಳಿಯೂ ಇರಲಿಲ್ಲ.

ಅವರನ್ನು ಕಾಣಲು ಹೋದಾಗ, ಈ ಸಂಖ್ಯೆ ಏರುತ್ತಿದ್ದುದು ಗೊತ್ತಿರಲಿಲ್ಲವೇ ಎಂದು ಕೇಳಿದೆ. "ಡಾಕ್ಟ್ರು 'ನೋಡೋಣ' ಅಂದ್ರು ಸಾಹೇಬ್ರ, ನಾನೂ ನೋಡೋಣಂತ ಬಿಟ್ಟೆ" ಎಂದರು. ಎಚ್ಚರಿಸಿದ್ದರೂ ಕಾಯಿಲೆ ತನ್ನ ದಾರಿಯಲ್ಲಿಯೇ ಸಾಗುತ್ತಿತ್ತೇನೋ, ಅದನ್ನು ನಿರ್ಣಯಿಸಲು ನಾನು ಅರ್ಹನಲ್ಲ. ಆದರೆ ಮೂರು ವರ್ಷಗಳ ಅವಕಾಶ ಅವರ ಕೈಯಲ್ಲಿಯೇ ಇದ್ದ ಕಡತದೊಳಗೆ ಓದುವವರಿಲ್ಲದೆ ಮಲಗಿತ್ತು ಎಂಬುದು ಮಾತ್ರ ಸತ್ಯ.

ಸಮಸ್ಯೆಯ ಗಾತ್ರ

ಇದು ಒಬ್ಬರ ದುರದೃಷ್ಟವೆಂದು ತಳ್ಳಿಹಾಕುವಂತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ. ಇನ್ನೂ 13.6 ಕೋಟಿ ಜನರು ಅದರ ಹೊಸ್ತಿಲಲ್ಲಿದ್ದಾರೆ. ವಯಸ್ಕರಲ್ಲಿ ಶೇ. 35.5ರಷ್ಟು ಮಂದಿಗೆ ಅಧಿಕ ರಕ್ತದೊತ್ತಡವಿದೆ. ಅಂಗಡಿಯ ಗದ್ದಿಗೆಯ ಮೇಲೆ ದಿನವಿಡೀ ಕುಳಿತು, ಊಟದ ಹೊತ್ತು ತಪ್ಪಿಸಿಕೊಂಡು, ವಸೂಲಿಯ ಚಿಂತೆಯಲ್ಲಿರುವ ನಮ್ಮ ವರ್ಗ ಈ ಲೆಕ್ಕದಿಂದ ಹೊರಗಿರಲು ಸಾಧ್ಯವಿಲ್ಲ.

ಜ್ವರಕ್ಕೂ ಈ ಕಾಯಿಲೆಗಳಿಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಜ್ವರದಲ್ಲಿ ಚಿಕಿತ್ಸೆಯ ಹೊಣೆ ವೈದ್ಯರದು, ಐದು ದಿನಗಳಲ್ಲಿ ವ್ಯವಹಾರ ಮುಗಿಯುತ್ತದೆ. ದೀರ್ಘಕಾಲೀನ ಕಾಯಿಲೆಯಲ್ಲಿ ವರ್ಷದ 365 ದಿನಗಳ ಪೈಕಿ ರೋಗಿ ವೈದ್ಯರ ಎದುರು ಕೂರುವುದು ನಾಲ್ಕೈದು ದಿನ ಮಾತ್ರ. ಉಳಿದ ದಿನಗಳಲ್ಲಿ ಏನು ತಿನ್ನಬೇಕು, ಯಾವ ಗುಳಿಗೆ ಯಾವಾಗ, ಯಾವ ಲಕ್ಷಣ ಕಂಡರೆ ಓಡಿಬರಬೇಕು ಎಂಬುದನ್ನೆಲ್ಲ ತೀರ್ಮಾನಿಸುವವನು ರೋಗಿಯೇ. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ರೋಗಿ ಇಲ್ಲಿ ಗಿರಾಕಿಯಲ್ಲ, ದುಡಿಯುವ ಪಾಲುದಾರ. ಪಾಲುದಾರನಿಗೆ ಲೆಕ್ಕ ತೋರಿಸದೆ ನಡೆಸಿದ ಯಾವ ಅಂಗಡಿ ಉಳಿದಿದೆ?

ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ಹೊರತಂದ ವರದಿಯ ಪ್ರಕಾರ, ಅಭಿವೃದ್ಧಿ ಹೊಂದಿದ ದೇಶಗಳಲ್ಲಿಯೇ ದೀರ್ಘಕಾಲೀನ ಚಿಕಿತ್ಸೆಯನ್ನು ಹೇಳಿದ ಕ್ರಮದಲ್ಲಿ ಪಾಲಿಸುವವರು ಸರಾಸರಿ ಅರ್ಧದಷ್ಟು ಮಂದಿ. ಬರೆದುಕೊಟ್ಟ ಔಷಧದ ಅರ್ಧ ಪ್ರಯೋಜನವೇ ಕೈಗೆ ಸಿಗುವುದಿಲ್ಲವೆಂದರೆ, ಯಾವ ಕಾರ್ಖಾನೆಯ ಮಾಲೀಕರೂ ಒಪ್ಪದಷ್ಟು ದೊಡ್ಡ ನಷ್ಟವಿದು.

ಮಾತು ಎಲ್ಲಿ ಕಡಿದುಹೋಗುತ್ತದೆ?

ಕಕ್ಷಿದಾರರ ಮನೆಗಳಲ್ಲಿ, ಹಾಗೂ ಎಂಟು ವರ್ಷಗಳಿಂದ ಸ್ವತಃ ಮಧುಮೇಹಿಯಾಗಿ, ನಾನು ಕಂಡುಕೊಂಡ ಕೆಲವು ಸಂದರ್ಭಗಳನ್ನು ಇಲ್ಲಿ ಹೇಳುತ್ತೇನೆ.

ಮೊದಲನೆಯದು ಸಂಖ್ಯೆಗಳ ಅರ್ಥ. ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆಯ ಪ್ರಮಾಣ ಆ ದಿನದ ನಗದು ಶಿಲ್ಕು ಇದ್ದಂತೆ. ಹಿಂದಿನ ರಾತ್ರಿ ಉಪವಾಸ ಮಾಡಿ ಅದನ್ನು ಚೆನ್ನಾಗಿ ತೋರಿಸಬಹುದು. ಎಚ್‌ಬಿಎ1ಸಿ ಎಂಬ ತಪಾಸಣೆ ಹಿಂದಿನ ಸುಮಾರು ಮೂರು ತಿಂಗಳ ಸರಾಸರಿ ಶಿಲ್ಕು ಇದ್ದಂತೆ. ಅಲ್ಲಿ ಸಿಂಗಾರಕ್ಕೆ ಅವಕಾಶವಿಲ್ಲ. ಈ ಒಂದು ಮಾತನ್ನು ನನಗೆ ಯಾರಾದರೂ ಮೊದಲ ವರ್ಷವೇ ಹೇಳಿದ್ದರೆ, ತಪಾಸಣೆಯ ಹಿಂದಿನ ದಿನ ಮಾತ್ರ ಪಥ್ಯ ಮಾಡಿ ನನ್ನನ್ನು ನಾನೇ ವಂಚಿಸಿಕೊಳ್ಳುತ್ತಿರಲಿಲ್ಲ.

ಎರಡನೆಯದು 'ನಾರ್ಮಲ್' ಎಂಬ ಶಬ್ದ. ರಕ್ತದೊತ್ತಡ ನಾರ್ಮಲ್ ಇದೆ ಎಂದು ವೈದ್ಯರು ಹೇಳಿದರೆ, ಗುಳಿಗೆಯ ಬಲದಿಂದ ಹತೋಟಿಯಲ್ಲಿದೆ ಎಂಬುದು ಅವರ ಅರ್ಥ. ಕಾಯಿಲೆ ಹೋಯಿತು ಎಂಬುದು ರೋಗಿಯ ಅರ್ಥ. ಮರುದಿನವೇ ಗುಳಿಗೆ ನಿಲ್ಲುತ್ತದೆ. ಒಂದೇ ಶಬ್ದಕ್ಕೆ ಎರಡು ಕಡೆ ಎರಡು ಅರ್ಥವಾದರೆ ಕರಾರೇ ಆಗಿಲ್ಲವೆಂದು ನಾವು ವಾಣಿಜ್ಯ ಕಾನೂನಿನಲ್ಲಿ ಓದಿದ್ದೇವೆ.

ಮೂರನೆಯದು ಔಷಧಗಳ ಹೆಸರು. ಒಂದೇ ಔಷಧ ಹತ್ತಾರು ವ್ಯಾಪಾರಿ ಹೆಸರುಗಳಲ್ಲಿ ಬರುತ್ತದೆ. ಹಳೆಯ ಚೀಟಿಯ ಗುಳಿಗೆಯನ್ನೂ ಹೊಸ ಚೀಟಿಯ ಗುಳಿಗೆಯನ್ನೂ ಬೇರೆಬೇರೆಯೆಂದು ತಿಳಿದು ಎರಡನ್ನೂ ನುಂಗುವವರಿದ್ದಾರೆ. ಒಂದೇ ಬಿಲ್ಲನ್ನು ಎರಡು ಬಾರಿ ಜಮಾ-ಖರ್ಚು ಮಾಡಿದಂತೆ! ಪುಸ್ತಕದಲ್ಲಾದರೆ ವರ್ಷಾಂತ್ಯಕ್ಕೆ ತಿದ್ದಬಹುದು, ದೇಹದಲ್ಲಿ ತಿದ್ದುಪಡಿ ನಮೂದಿಗೆ ಅವಕಾಶ ಕಡಿಮೆ.

ನಾಲ್ಕನೆಯದು ಪಥ್ಯದ ಪಟ್ಟಿ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಉಣ್ಣುವ ಮನೆಗೆ ಓಟ್ಸ್, ಬ್ರೊಕೋಲಿ, ಆಲಿವ್ ಎಣ್ಣೆಗಳ ಮುದ್ರಿತ ಪಟ್ಟಿ ಬರುತ್ತದೆ. ಎಷ್ಟು ರೊಟ್ಟಿ, ಹಪ್ಪಳ-ಉಪ್ಪಿನಕಾಯಿಯಲ್ಲಿ ಉಪ್ಪು ಎಷ್ಟು, ಮದುವೆ ಮನೆಗೆ ಹೋದಾಗ ಏನು ಮಾಡಬೇಕು ಎಂಬ ನಿಜವಾದ ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿರುವುದಿಲ್ಲ. ಮೇಲಾಗಿ ಆ ಪಟ್ಟಿಯನ್ನು ಕೊಡುವುದು ಯಜಮಾನರ ಕೈಗೆ. ಅಡುಗೆ ಮಾಡುವ ಗೃಹಿಣಿ ಹೊರಗಿನ ಬೆಂಚಿನ ಮೇಲೆ ಕುಳಿತಿರುತ್ತಾರೆ.

ಐದನೆಯದು ನಮ್ಮ ಮನೆಗಳದೇ ಪದ್ಧತಿ. "ಅಪ್ಪಾಜಿಗೆ ಹೇಳಬೇಡಿ ಡಾಕ್ಟರೇ, ಹೆದರಿಕೊಳ್ಳುತ್ತಾರೆ" ಎಂದು ಮಗ ವೈದ್ಯರನ್ನು ಪಕ್ಕಕ್ಕೆ ಕರೆದು ಹೇಳುತ್ತಾನೆ. ಪ್ರೀತಿಯಿಂದ ಹೇಳಿದ ಮಾತೇ ಹೌದು. ಆದರೆ ತನಗೇನಾಗಿದೆ ಎಂದು ತಿಳಿಯದ ತಂದೆ ಪಥ್ಯವನ್ನು ಏಕೆ ಪಾಲಿಸಬೇಕು?

ವೈದ್ಯರ ಕಡೆಯ ಮಾತು

ವೈದ್ಯರನ್ನು ದೂಷಿಸಿ ಕೈತೊಳೆದುಕೊಳ್ಳುವುದು ಸುಲಭ, ಆದರೆ ನ್ಯಾಯವಲ್ಲ. 67 ದೇಶಗಳ ಮಾಹಿತಿಯನ್ನು ಕ್ರೋಡೀಕರಿಸಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಪ್ರಾಥಮಿಕ ಹಂತದಲ್ಲಿ ವೈದ್ಯರು ಒಬ್ಬ ರೋಗಿಗೆ ಕೊಡುವ ಸಮಯ ಸ್ವೀಡನ್ನಿನಲ್ಲಿ ಸರಾಸರಿ 22 ನಿಮಿಷಗಳಿಗೂ ಹೆಚ್ಚು, ಭಾರತದಲ್ಲಿ ಸುಮಾರು 2 ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡು. ಹೊರಗೆ ನೂರು ಜನರ ಸಾಲಿರುವಾಗ ಎರಡು ನಿಮಿಷಗಳಲ್ಲಿ ಯಾರು ಏನನ್ನು ವಿವರಿಸಬಲ್ಲರು?

ರೋಗಿಗಳ ತಪ್ಪೂ ಕಡಿಮೆಯಿಲ್ಲ. ಹಳೆಯ ವರದಿಗಳನ್ನು ಮನೆಯಲ್ಲಿ ಬಿಟ್ಟು ಬರುತ್ತೇವೆ. ಗುಳಿಗೆ ಬಿಟ್ಟದ್ದನ್ನೂ ನಾಟಿ ಔಷಧ ತೆಗೆದುಕೊಂಡದ್ದನ್ನೂ ಮುಚ್ಚಿಡುತ್ತೇವೆ. ತಿಳಿಯದಿದ್ದರೂ "ಆಯ್ತು ಸರ್" ಎಂದು ತಲೆಯಾಡಿಸುತ್ತೇವೆ. ರಿಟರ್ನ್ಸ್ ಸಲ್ಲಿಸುವ ಕೊನೆಯ ದಿನ ಬಿಲ್ಲುಗಳ ಚೀಲವನ್ನು ಮೇಜಿನ ಮೇಲೆ ಸುರಿಯುವ ಕಕ್ಷಿದಾರರನ್ನು ಕಂಡಿರುವ ನನಗೆ ವೈದ್ಯರ ಕಷ್ಟ ಚೆನ್ನಾಗಿಯೇ ಅರ್ಥವಾಗುತ್ತದೆ. ನಮ್ಮ ವೃತ್ತಿಯವರೂ ಇದರಲ್ಲಿ ನಿರ್ದೋಷಿಗಳಲ್ಲ. ಇಂಗ್ಲಿಷಿನ ಪಾರಿಭಾಷಿಕ ಪದಗಳಲ್ಲಿ ಮಾತನಾಡಿ, ಸಹಿ ಎಲ್ಲಿ ಹಾಕಬೇಕೆಂದು ಬೆರಳು ತೋರಿಸಿ ಕಳುಹಿಸಿದ ದಿನಗಳು ನನ್ನವೂ ಇವೆ.

ಆದರೆ ನಮ್ಮ ವೃತ್ತಿಗೆ ಒಂದು ಲಿಖಿತ ನಿಯಮವಿದೆ. ಲೆಕ್ಕಪರಿಶೋಧನಾ ಮಾನಕ 260ರ ಪ್ರಕಾರ, ಪರಿಶೋಧಕನು ತಾನು ಕಂಡ ಮಹತ್ವದ ವಿಷಯಗಳನ್ನು ಸಂಸ್ಥೆಯ ಆಡಳಿತದ ಹೊಣೆ ಹೊತ್ತವರಿಗೆ ತಿಳಿಸಲೇಬೇಕು. ಅಷ್ಟೇ ಅಲ್ಲ, ಎರಡೂ ಕಡೆಯ ಸಂವಾದ ಸಾಕಷ್ಟು ನಡೆದಿದೆಯೇ ಎಂದು ಪರಿಶೀಲಿಸಬೇಕು. ವರದಿಯನ್ನು ಲಕೋಟೆಯಲ್ಲಿಟ್ಟು ಕಳುಹಿಸಿದರೆ ಕರ್ತವ್ಯ ಮುಗಿಯಲಿಲ್ಲ. ಅಢಾವೆ ಪತ್ರಿಕೆಗೆ ಇರುವ ಈ ಮರ್ಯಾದೆ ಮನುಷ್ಯನ ಮೂತ್ರಪಿಂಡಕ್ಕೂ ಸಲ್ಲಬೇಕಲ್ಲವೇ?

ಸಮಯವಿಲ್ಲವೆಂಬ ವಾದಕ್ಕೂ ಉತ್ತರವಿದೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದ ಸಾರ್ವಜನಿಕ ಆಸ್ಪತ್ರೆಯಲ್ಲಿ ಮಧುಮೇಹಿಗಳನ್ನು ಕುರಿತು ನಡೆದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ವೈದ್ಯರು ಹೊಸದಾಗಿ ತಿಳಿಸಿದ ವಿಷಯಗಳಲ್ಲಿ ಶೇ. 12ರಷ್ಟನ್ನು ಮಾತ್ರ ರೋಗಿಗೆ ಅರ್ಥವಾಗಿದೆಯೇ ಎಂದು ಪರೀಕ್ಷಿಸಿದ್ದರು. "ನಾನು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ಒಮ್ಮೆ ಹೇಳಿ ನೋಡೋಣ" ಎಂದು ಕೇಳಿಸಿಕೊಂಡ ರೋಗಿಗಳಲ್ಲಿ ಸಕ್ಕರೆಯ ಹತೋಟಿ ಉತ್ತಮವಾಗಿತ್ತು. ಹಾಗೆ ಕೇಳಿದ ಭೇಟಿಗಳು ಉಳಿದವುಗಳಿಗಿಂತ ದೀರ್ಘವಾಗಿಯೂ ಇರಲಿಲ್ಲ. ಪೇಟೆಯಲ್ಲಿ ದೂರವಾಣಿಯ ಮೇಲೆ ಮಾಲಿನ ಆರ್ಡರ್ ಬರೆದುಕೊಂಡ ಗುಮಾಸ್ತ ಅದನ್ನು ತಿರುಗಿ ಓದಿ ಹೇಳುವುದಿಲ್ಲವೇ? ಅದೇ ಪದ್ಧತಿ ಇದು. ವೈದ್ಯರೇ ಮಾಡಬೇಕೆಂದೂ ಇಲ್ಲ. ತರಬೇತಿ ಪಡೆದ ದಾದಿ ಅಥವಾ ಔಷಧ ತಜ್ಞರು ಮಾಡಬಹುದು.

ಕಾನೂನಿನ ಬೆಂಬಲ

ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಡವಳಿಕೆ ನಿಯಮಗಳ ಪ್ರಕಾರ ರೋಗಿ ಕೋರಿದರೆ ವೈದ್ಯಕೀಯ ದಾಖಲೆಗಳನ್ನು 72 ಗಂಟೆಗಳೊಳಗೆ ಕೊಡಬೇಕು. ಔಷಧದ ಮೂಲ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದಷ್ಟೂ ದೊಡ್ಡ ಅಕ್ಷರಗಳಲ್ಲಿ ಬರೆಯಬೇಕೆಂದು 2016ರ ತಿದ್ದುಪಡಿ ಹೇಳಿತು. 2023ರ ಆಗಸ್ಟಿನಲ್ಲಿ ಹೊರಟ ಹೊಸ ನಿಯಮಾವಳಿಯನ್ನು ಅದೇ ತಿಂಗಳು ತಡೆಹಿಡಿದು 2002ರ ನಿಯಮಗಳನ್ನೇ ಮತ್ತೆ ಜಾರಿಗೆ ತರಲಾಯಿತು. ಚಿಕಿತ್ಸೆಯ ಸ್ವರೂಪ, ಪರ್ಯಾಯ ಮಾರ್ಗಗಳು, ಅಪಾಯಗಳನ್ನು ತಿಳಿಸಿಯೇ ಒಪ್ಪಿಗೆ ಪಡೆಯಬೇಕೆಂದು ಸರ್ವೋಚ್ಚ ನ್ಯಾಯಾಲಯ 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ತೀರ್ಪಿತ್ತಿದೆ. ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದು ರೋಗಿಗಳ ಸನ್ನದನ್ನು ಸೇರಿಸಲಾಯಿತು. ಓದಲು ಬರುವ ಔಷಧ ಚೀಟಿಯನ್ನು ಪಡೆಯುವುದು ಸಂವಿಧಾನದ 21ನೆಯ ವಿಧಿಯಡಿ ಬರುವ ಆರೋಗ್ಯದ ಹಕ್ಕಿನ ಭಾಗವೆಂದು ಪಂಜಾಬ್ ಮತ್ತು ಹರಿಯಾಣ ಉಚ್ಚ ನ್ಯಾಯಾಲಯ 2025ರಲ್ಲಿ ಹೇಳಿತು.

ಕನ್ನಡದಲ್ಲಿ ಔಷಧ ಚೀಟಿ ಬರೆಯಬೇಕೆಂಬ ಬೇಡಿಕೆಯನ್ನು ಕನ್ನಡ ಅಭಿವೃದ್ಧಿ ಪ್ರಾಧಿಕಾರ 2024ರಲ್ಲಿ ಸರ್ಕಾರದ ಮುಂದಿಟ್ಟಿತು. ಅಭಿಮಾನದ ದೃಷ್ಟಿಯಿಂದ ಸಂತೋಷದ ಸಂಗತಿಯೇ. ಆದರೆ ನನ್ನ ಅಭಿಪ್ರಾಯದಲ್ಲಿ ಔಷಧದ ಹೆಸರು ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿಯೇ ಇರಲಿ, ಏಕೆಂದರೆ ಅದನ್ನು ಪರ ಊರಿನ ಔಷಧ ಅಂಗಡಿಯವರೂ ಓದಬೇಕು. ಯಾವುದಕ್ಕಾಗಿ, ಎಷ್ಟು, ಊಟಕ್ಕೆ ಮುಂಚೆಯೋ ನಂತರವೋ, ಎಷ್ಟು ದಿನ ಎಂಬ ಸೂಚನೆಗಳು ಕನ್ನಡದಲ್ಲಿರಲಿ, ಏಕೆಂದರೆ ಅವನ್ನು ಓದಬೇಕಾದವರು ರೋಗಿಯ ಮನೆಯವರು. ಕಾನೂನಿನ ಹಕ್ಕನ್ನು ನ್ಯಾಯಾಲಯದವರೆಗೆ ಎಳೆಯುವುದಕ್ಕಿಂತ ಕೌಂಟರಿನಲ್ಲಿ ವಿನಯದಿಂದ ಕೇಳಿ ಪಡೆಯುವುದು ಲಾಭದಾಯಕ.

ಏನು ಮಾಡಬಹುದು?

ಆಸ್ಪತ್ರೆಗಳು ಹೆಚ್ಚಿನ ವೆಚ್ಚವಿಲ್ಲದೆ ಮಾಡಬಹುದಾದ ಮೂರು ಕೆಲಸಗಳಿವೆ. ಒಂದು, ಕಂಪನಿಗಳ ಅಢಾವೆ ಪತ್ರಿಕೆಯಲ್ಲಿ ಹಿಂದಿನ ವರ್ಷದ ಅಂಕಿಗಳನ್ನು ಪಕ್ಕದ ಅಂಕಣದಲ್ಲಿ ಕೊಡುವಂತೆ, ಪ್ರಯೋಗಾಲಯದ ವರದಿಯಲ್ಲಿ ಹಿಂದಿನ ಮೂರು ತಪಾಸಣೆಗಳ ಅಂಕಿಗಳನ್ನು ಮುದ್ರಿಸಬೇಕು. ಗಣಕಯಂತ್ರದಲ್ಲಿ ಮಾಹಿತಿ ಇದ್ದೇ ಇರುತ್ತದೆ. ನನ್ನ ಕಕ್ಷಿದಾರರ ವರದಿಯಲ್ಲಿ 1.3, 1.8, 2.6 ಎಂಬ ಮೂರು ಸಂಖ್ಯೆಗಳು ಒಂದೇ ಸಾಲಿನಲ್ಲಿದ್ದಿದ್ದರೆ, ಬೆಲೆಯ ಏರಿಳಿತವನ್ನು ಜೀವನಪೂರ್ತಿ ಓದಿದ ಆ ಮನುಷ್ಯ ಸುಮ್ಮನೆ ಕೂರುತ್ತಿರಲಿಲ್ಲ. ಎರಡು, ರೋಗಿ ಬಾಗಿಲು ದಾಟುವ ಮುನ್ನ ಒಬ್ಬರು ಐದು ನಿಮಿಷ ಕನ್ನಡದಲ್ಲಿ ವಿವರಿಸಿ, ತಿರುಗಿ ಕೇಳಿ, ಒಂದು ಪುಟದ ಸೂಚನೆಯನ್ನು ಕೊಡಬೇಕು. ಮೂರು, ನಡುವೆ ಸಂದೇಹ ಬಂದರೆ ಕೇಳಲು ಒಂದು ದೂರವಾಣಿ ಸಂಖ್ಯೆಯೂ ಉತ್ತರಿಸುವ ಒಬ್ಬ ವ್ಯಕ್ತಿಯೂ ಇರಬೇಕು.

ರೋಗಿಗಳಾದ ನಮ್ಮ ಕರ್ತವ್ಯಗಳೂ ಇವೆ. ಒಂದು ಸಣ್ಣ ಕಿರ್ದಿ ಪುಸ್ತಕದಲ್ಲಿ ದಿನಾಂಕ, ರಕ್ತದೊತ್ತಡ, ಸಕ್ಕರೆ, ಕ್ರಿಯಾಟಿನಿನ್, ನುಂಗುತ್ತಿರುವ ಎಲ್ಲ ಗುಳಿಗೆಗಳ ಹೆಸರುಗಳನ್ನು ಬರೆದಿಡೋಣ. ಯಾವ ತಜ್ಞರ ಬಳಿ ಹೋದರೂ ಮೊದಲು ಆ ಪುಸ್ತಕವನ್ನೇ ತೋರಿಸೋಣ. ಕೇಳಬೇಕಾದ ಮೂರು ಪ್ರಶ್ನೆಗಳನ್ನು ಮನೆಯಲ್ಲಿಯೇ ಬರೆದುಕೊಂಡು ಹೋಗೋಣ. ಅಡುಗೆ ಮಾಡುವವರನ್ನು ಒಳಗೆ ಕರೆದುಕೊಂಡು ಹೋಗೋಣ. ತಿಳಿಯದಿದ್ದಾಗ "ತಿಳಿಯಲಿಲ್ಲ" ಎನ್ನೋಣ. ದರ ಚೌಕಾಸಿಗೆ ನಾಚದ ನಾವು ಇದಕ್ಕೇಕೆ ನಾಚಬೇಕು?

ಕಾರ್ಖಾನೆ ಹಾಗೂ ಅಂಗಡಿಗಳ ಮಾಲೀಕರಾಗಿ ಮತ್ತೊಂದು ಹೊಣೆಯಿದೆ. ಇಎಸ್‌ಐ ವ್ಯಾಪ್ತಿಯಲ್ಲಿರುವ ಕಾರ್ಮಿಕರಿಗೆ, ನಿಗದಿತ ದೀರ್ಘಕಾಲೀನ ಕಾಯಿಲೆಗಳಾದರೆ, ನಿಯಮಗಳಿಗೆ ಒಳಪಟ್ಟು ಎರಡು ವರ್ಷಗಳವರೆಗೆ ವೇತನದ ಶೇ. 80ರಷ್ಟು ವಿಸ್ತೃತ ಕಾಯಿಲೆ ಭತ್ಯೆಗೆ ಅವಕಾಶ ಕಲ್ಪಿಸಲಾಗಿದೆ. ಪ್ರತಿ ತಿಂಗಳು ತಪ್ಪದೆ ಕೊಡುಗೆ ತುಂಬುವ ನಾವು ಈ ಸೌಲಭ್ಯವನ್ನು ಎಷ್ಟು ಕಾರ್ಮಿಕರಿಗೆ ತಿಳಿಸಿದ್ದೇವೆ? ಸಂವಾದದ ಕೊರತೆ ಆಸ್ಪತ್ರೆಯಲ್ಲಿ ಮಾತ್ರವಿಲ್ಲ.

ಸಂಸ್ಥೆಗೊಂದು ವಿನಂತಿ

ನಮ್ಮ ಸಂಸ್ಥೆಯು ಪ್ರತಿ ವರ್ಷ ಸದಸ್ಯರಿಗಾಗಿ ಆರೋಗ್ಯ ತಪಾಸಣಾ ಶಿಬಿರವನ್ನು ಏರ್ಪಡಿಸುತ್ತಿರುವುದು ಶ್ಲಾಘನೀಯ. ಬೆಳಿಗ್ಗೆ ರಕ್ತ ಕೊಡುತ್ತೇವೆ, ಉಪಾಹಾರ ಸ್ವೀಕರಿಸುತ್ತೇವೆ, ವಾರದ ನಂತರ ವರದಿಯ ಲಕೋಟೆ ಅಂಗಡಿಗೆ ಬರುತ್ತದೆ. ಅದರೊಳಗಿನ ಸಂಖ್ಯೆಗಳನ್ನು ನಮ್ಮಲ್ಲಿ ಎಷ್ಟು ಜನ ಅರ್ಥಮಾಡಿಕೊಂಡಿದ್ದೇವೆ? ನನ್ನ ಕಕ್ಷಿದಾರರ 1.8 ಎಂಬ ಎರಡನೆಯ ವರ್ಷದ ಸಂಖ್ಯೆ ಅಂತಹ ಒಂದು ಶಿಬಿರದ ಲಕೋಟೆಯಲ್ಲಿಯೇ ಇತ್ತು ಎಂಬುದನ್ನು ವಿಷಾದದಿಂದ ಹೇಳುತ್ತಿದ್ದೇನೆ.

ಮುಂದಿನ ಶಿಬಿರಕ್ಕಾಗಿ ಆಸ್ಪತ್ರೆಯೊಂದಿಗೆ ಒಪ್ಪಂದ ಮಾಡಿಕೊಳ್ಳುವಾಗ ಒಂದು ಷರತ್ತನ್ನು ಸೇರಿಸಬೇಕೆಂದು ಪದಾಧಿಕಾರಿಗಳಲ್ಲಿ ವಿನಂತಿಸುತ್ತೇನೆ. ವರದಿಯನ್ನು ಅಂಚೆಯಲ್ಲಿ ಕಳುಹಿಸದೆ, ಎರಡನೆಯ ದಿನವೊಂದನ್ನು ಗೊತ್ತುಪಡಿಸಿ, ಪ್ರತಿ ಸದಸ್ಯರಿಗೂ ಅವರ ಕುಟುಂಬದವರ ಸಮ್ಮುಖದಲ್ಲಿ ಹತ್ತು ನಿಮಿಷ ಕನ್ನಡದಲ್ಲಿ ವಿವರಿಸಿ ಕೊಡಬೇಕು. ಅದಕ್ಕೆ ತಗಲುವ ಹೆಚ್ಚಿನ ವೆಚ್ಚವನ್ನು ಸದಸ್ಯರಿಂದಲೇ ಪಡೆಯಲಿ. ಆ ದಿನ ಹಿಂದಿನ ವರ್ಷಗಳ ಅಂಕಿಗಳನ್ನು ಪಕ್ಕದಲ್ಲಿ ಬರೆದುಕೊಡುವ ಗುಮಾಸ್ತಿಕೆ ಕೆಲಸಕ್ಕೆ ನನ್ನ ಕಚೇರಿಯ ಇಬ್ಬರು ಸಹಾಯಕರನ್ನು ಉಚಿತವಾಗಿ ಕಳುಹಿಸಲು ನಾನು ಸಿದ್ಧನಿದ್ದೇನೆ.

ದೀಪಾವಳಿಯಂದು ಹೊಸ ಪುಸ್ತಕಕ್ಕೆ ಪೂಜೆ ಮಾಡಿ, ಹಳೆಯ ಶಿಲ್ಕನ್ನು ಮುಂದಕ್ಕೆ ಬರೆದುಕೊಂಡ ಮೇಲೆಯೇ ನಾವು ಹೊಸ ವ್ಯವಹಾರ ಆರಂಭಿಸುತ್ತೇವೆ. ಈ ವರ್ಷ ಅದರೊಂದಿಗೆ ಆರೋಗ್ಯದ ಪುಸ್ತಕವನ್ನೂ ತೆರೆದು, ಅದರ ಹಳೆಯ ಶಿಲ್ಕನ್ನೂ ಮುಂದಕ್ಕೆ ಬರೆದುಕೊಳ್ಳೋಣ. ಓದಲು ಬಾರದಿದ್ದರೆ ಬಲ್ಲವರನ್ನು ಕೇಳೋಣ.